ತಿಥಿಯ ದಿನದ ಓಟು

ಬಾಳೆಕಾಯಿ ಹೆಚ್ಚುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳಬೇಕೆಂದು ನನಗೆ ಲಂಗ ಉಡುತ್ತಿದ್ದ ವಯಸ್ಸಿನಿಂದ ಗೊತ್ತು. ಆ ಬೆಳಿಗ್ಗೆ ಮರೆತಿದ್ದೆ. ಸಿಪ್ಪೆ ಹೆರೆದು ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕುತ್ತಿದ್ದಾಗ ಫೋನು ಬಂತು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದರೆ, ಹಳೆಯ ಕ್ವಾರ್ಟರ್ಸಿನ ಎದುರುಮನೆ ಅಕ್ಕನ ಮಗಳು. ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲೇ ಆದ್ದರಿಂದ ಅವಳ ಕನ್ನಡ ನಡುನಡುವೆ ಹಿಂದಿಗೆ ಜಾರುತ್ತದೆ. “ಆಂಟಿ, ಅಮ್ಮ ನಹೀ ರಹೀ. ಬೆಳಗಿನ ಜಾವ ಹೋಗಿಬಿಟ್ಟಳು... ನಿದ್ದೆಯಲ್ಲೇ,” ಎಂದಳು.

ನರಳಲಿಲ್ಲವಂತೆ. ಅದೊಂದು ಪುಣ್ಯ ಎಂದೆ. ಅವಳೂ ಹೂಂ ಎಂದಳು. ಆಮೇಲೆ ಇನ್ನೊಂದು ಸಂಗತಿ ಕೇಳಿದಳು. ಅದನ್ನು ಕೊನೆಗೆ ಹೇಳುತ್ತೇನೆ.

ಫೋನು ಇಟ್ಟ ಮೇಲೆ ಕೈ ನೋಡಿಕೊಂಡೆ. ಬಾಳೆಕಾಯಿಯ ಸೊನೆ ಎಡಗೈ ತೋರುಬೆರಳಿನ ಉಗುರಿನ ಬುಡದಲ್ಲಿ ಕಪ್ಪಗೆ ಕೂತಿತ್ತು. ಓಟಿನ ದಿನ ಶಾಯಿ ಹಚ್ಚುತ್ತಾರಲ್ಲ, ಅದೇ ಬೆರಳು, ಅದೇ ಜಾಗ. ಇಷ್ಟು ವರ್ಷ ಬಾಳೆಕಾಯಿ ಹೆಚ್ಚಿದ್ದೇನೆ, ಎಷ್ಟೋ ಸಲ ಕೈ ಕಪ್ಪಾಗಿದೆ. ಹಾಗೆ ಕಂಡದ್ದು ಅವತ್ತೇ ಮೊದಲು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಈಗ ನೋಯ್ಡಾದಲ್ಲಿ ಸ್ವಂತದ್ದೊಂದು ಫ್ಲಾಟಿದೆ, ದೇವರು ನಡೆಸಿದ. ಆಗ ಇದ್ದದ್ದು ದೆಹಲಿಯ ಒಳಗೇ, ಹಳದಿ ಸುಣ್ಣದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನಮ್ಮ ಬ್ಲಾಕಿನಲ್ಲಿ ಹೆಚ್ಚಿನವು ಕನ್ನಡದ ಮನೆಗಳೇ, ಐದಾರು ಇದ್ದವು. ಆ ಮನೆಗಳಿಗೆಲ್ಲ ಹಿರಿಯರು ಎಂದರೆ ಎದುರುಮನೆ ಅಕ್ಕ.

ನಾನು ಮದುವೆಯಾಗಿ ಬಂದಾಗ ಹಿಂದಿಯಲ್ಲಿ ‘ಪಾನಿ’ ಬಿಟ್ಟರೆ ಇನ್ನೊಂದು ಮಾತು ಬರುತ್ತಿರಲಿಲ್ಲ. ಅಕ್ಕನೇ ತರಕಾರಿ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಕಲಿಸಿದರು. ಮೊದಲು ಬಾಯಿ ತುಂಬ ಭಯ್ಯಾ ಅನ್ನು, ಆಮೇಲೆ ಧೈರ್ಯವಾಗಿ ಅರ್ಧ ಬೆಲೆ ಕೇಳು, ಅವನು ಬೈದರೆ ನಿನಗೆ ಹೇಗೂ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು. ನನ್ನ ಮೊದಲನೆಯ ಬಸಿರು ನಿಲ್ಲದೆ ಹೋದಾಗ ಹದಿನೈದು ದಿನ ಅವರ ಮನೆಯ ಸಾರನ್ನವನ್ನೇ ಉಂಡೆ. ದೇವರು ಇಂಥವರನ್ನು ಎದುರುಮನೆಯಲ್ಲಿ ಇಟ್ಟದ್ದು ಸಣ್ಣ ಕೃಪೆಯಲ್ಲ. ಮಡಿ ಮೈಲಿಗೆಯಲ್ಲಿ ಮಾತ್ರ ಬಹಳ ಬಿಗಿ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಅವರು ಹೇಳಿದರೆ ಮುಗಿಯಿತು, ಪಂಚಾಂಗ ತೆಗೆದು ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಬ್ಲಾಕಿನ ಮುಂದೆ ಬೇವಿನ ಮರದ ಕೆಳಗೆ ಒಬ್ಬಾಕೆ ಇದ್ದಿಲಿನ ಪೆಟ್ಟಿಗೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಎಲ್ಲರಿಗೂ ಅವಳು ಪ್ರೆಸ್‌ವಾಲಿ. ಕಾಲೋನಿಯ ಹಿಂದಿನ ಗೋಡೆಯಾಚೆಗೆ ಕೊಳಚೆಯ ನಾಲಾ, ನಾಲಾದ ದಂಡೆಯ ಮೇಲೆ ಜೋಪಡಿಗಳು, ಅದರಲ್ಲೊಂದು ಅವಳದ್ದು. ಅವಳ ಮಗಳು ಚಿಕ್ಕಂದಿನಲ್ಲಿ ಅಕ್ಕನ ಹೊಸ್ತಿಲ ಹೊರಗೆ ಕೂತು ರಂಗೋಲಿ ಕಲಿತವಳು. ಚುಕ್ಕಿ ಇಡುವುದನ್ನು ಅಕ್ಕ ಒಳಗಿನಿಂದಲೇ ಹೇಳಿಕೊಡುತ್ತಿದ್ದರು, ಅವಳು ಹೊರಗೆ ಇಡುತ್ತಿದ್ದಳು. ದೊಡ್ಡವಳಾಗಿ ಮದುವೆಯಾದ ಮೇಲೂ ಅದೇ ಗಲ್ಲಿಯಲ್ಲಿದ್ದಳು. ಹಬ್ಬದ ದಿನ ಅಕ್ಕನ ಬಾಗಿಲಿಗೆ ರಂಗೋಲಿ ಅವಳದ್ದೇ.

ಕುಡಿಯುವ ನೀರಿನ ಪೈಪು ಆ ನಾಲಾದ ಒಳಗೇ ಹಾದು ಬರುತ್ತಿತ್ತು. ದೆಹಲಿಯಲ್ಲಿ ಇದನ್ನು ನೋಡಿ ಯಾರೂ ಬೆಚ್ಚುವುದಿಲ್ಲ. ಪೈಪು ಹಳೆಯದು, ಕೀಲುಗಳು ತುಕ್ಕು ಹಿಡಿದಿದ್ದವು, ನಾಲಾ ತುಂಬಿದಾಗ ಮುಳುಗುತ್ತಿತ್ತು. ನಮ್ಮ ನಲ್ಲಿಗಳಲ್ಲೂ ಮಳೆಗಾಲಕ್ಕೆ ನೀರು ನಾರುತ್ತಿತ್ತು. ನಾವು ಕಾಯಿಸಿ, ಫಿಲ್ಟರಿಗೆ ಹಾಕಿ ಕುಡಿಯುತ್ತಿದ್ದೆವು. ಜೋಪಡಿಯವರಿಗೆ ಅನ್ನ ಬೇಯಿಸುವುದಕ್ಕೇ ಉರುವಲು ಸಾಲದು, ನೀರು ಕಾಯಿಸುವುದೆಲ್ಲಿ ಬಂತು...

ಆ ಬೇಸಿಗೆ ವಾರ್ಡಿನ ಚುನಾವಣೆ ಬಂತು. ನಿಂತವರಲ್ಲಿ ಒಬ್ಬಾಕೆ ಮಾರ್ಕೆಟ್ಟಿನಲ್ಲಿ ಕ್ಲಿನಿಕ್ ಇಟ್ಟಿದ್ದ ಲೇಡಿ ಡಾಕ್ಟರು. ನಾಲಾ ಮುಚ್ಚಿಸಬೇಕು, ಪೈಪು ಮೇಲೆತ್ತಿಸಬೇಕು ಎಂದು ವರ್ಷಗಟ್ಟಲೆ ಕಚೇರಿಗಳನ್ನು ಅಲೆದಿದ್ದವರು. ಇನ್ನೊಬ್ಬ, ಕಟ್ಟಡದ ಸಾಮಾನಿನ ವ್ಯಾಪಾರಿ, ಮೊದಲಿನಿಂದ ಗೆಲ್ಲುತ್ತ ಬಂದವನು. ಜೀಪಿನಲ್ಲಿ ಕೈಮುಗಿಯುತ್ತ ಹೋದದ್ದನ್ನು ಬಿಟ್ಟರೆ ನಾವು ಅವನನ್ನು ಕಂಡದ್ದಿಲ್ಲ. ಪ್ರೆಸ್‌ವಾಲಿ ಇಸ್ತ್ರಿ ಬಟ್ಟೆ ಕೊಡುವ ನೆಪದಲ್ಲಿ ಮನೆ ಮನೆಯ ಬಾಗಿಲಲ್ಲೂ ಡಾಕ್ಟರಮ್ಮನ ಮಾತೆತ್ತುತ್ತಿದ್ದಳು. ಅವರ ಗಲ್ಲಿಯಲ್ಲಿ ಅರ್ಧ ಜನಕ್ಕೆ ಓಟಿನ ಕಾರ್ಡೇ ಇರಲಿಲ್ಲ. ಕಾಲೋನಿಯವರು ಹಾಕಿದರೇನೇ ಉಂಟು.

ಓಟಿನ ಭಾನುವಾರವೇ ಅಕ್ಕನ ಅತ್ತೆಯ ತಿಥಿ ಬಿತ್ತು.

ಊರಲ್ಲಾದರೆ ತಿಥಿಯ ಅಡಿಗೆಗೆ ಓರಗಿತ್ತಿಯರು, ನಾದಿನಿಯರು ಬರುತ್ತಾರೆ. ದೆಹಲಿಯಲ್ಲಿ ನಾವೇ ಒಬ್ಬರಿಗೊಬ್ಬರು ಓರಗಿತ್ತಿಯರು. ಬ್ಲಾಕಿನ ಹೆಂಗಸರೆಲ್ಲ ಮಡಿಯುಟ್ಟು ಅಕ್ಕನ ಅಡಿಗೆಮನೆಗೆ ಸೇರುವುದು, ಗಂಡಸರಲ್ಲಿ ಇಬ್ಬರು ಬ್ರಾಹ್ಮಣಾರ್ಥಕ್ಕೆ ಕೂರುವುದು, ಉಳಿದವರು ಊಟಕ್ಕೆ ಬರುವುದು ಪ್ರತಿ ವರ್ಷದ ಪದ್ಧತಿ. ಹಿಂದಿನ ದಿನ ಎಲ್ಲರೂ ಅಕ್ಕಿ ಆರಿಸುತ್ತ ಕೂತಿದ್ದಾಗ, ಬೆಳಿಗ್ಗೆ ಬೇಗ ಹೋಗಿ ಓಟು ಹಾಕಿಬಂದು ಮಡಿಯುಡೋಣವೇ ಎಂದು ಯಾರೋ ಕೇಳಿದರು.

ಅಕ್ಕ ಮೊರ ಕೆಳಗಿಟ್ಟರು. “ಬೆರಳಿಗೆ ಆ ಮಸಿ ಕೂತರೆ ತಲೆಗೆ ನೀರು ಹಾಕಿಕೊಂಡರೂ ಅದರ ಒಳಗೆ ಇಳಿಯತ್ತಾ? ಅಂಥ ಕೈಯಲ್ಲಿ ಪಿತೃಗಳಿಗೆ ವಡೆ ತಟ್ಟೋದುಂಟಾ?”

“ಓಟು ಎಡಗೈಗೆ, ವಡೆ ಬಲಗೈಗೆ ಅಂತ ಮಾಡಿದರಾಯಿತು ಅಕ್ಕ,” ಎಂದಳು ಕೆಳಗಿನ ಮನೆಯವಳು. ಎಲ್ಲರೂ ನಕ್ಕೆವು.

“ನಿಮ್ಮನೆ ತಿಥಿಗೆ ಹಾಗೇ ಮಾಡು ತಾಯಿ. ಯಾರು ರಾಜ್ಯ ಆಳಿದರೂ ನಾವು ರಾಗಿ ಬೀಸೋದು ತಪ್ಪತ್ತಾ?” ಎಂದು ಅಕ್ಕ ಮೊರ ಎತ್ತಿಕೊಂಡರು. ಮಾತು ಅಲ್ಲಿಗೆ ನಿಂತಿತು. ಬ್ಲಾಕಿಗೆ ಬ್ಲಾಕೇ ಓಟು ಬಿಟ್ಟದ್ದು ಆ ಒಂದು ಮಾತಿನಿಂದ. ಗಂಡಸರಾದರೂ ಹೋಗಬಹುದಿತ್ತು. ಬಿಸಿಲು, ರಜೆ, ತಿಥಿಯ ಊಟ ಬೇರೆ... ಹೋಗಲಿಲ್ಲ.

ನಾನು ಹೋದೆ. ದೊಡ್ಡಸ್ತಿಕೆಯಿಂದಲ್ಲ. ಅವತ್ತು ಬೆಳಿಗ್ಗೆ ಎದ್ದಾಗ ಮುಟ್ಟಾಗಿದ್ದೆ. ಮಡಿಯ ಮನೆಯ ಹತ್ತಿರ ಸುಳಿಯುವಂತಿಲ್ಲ, ಬಾಲ್ಕನಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆ. ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಪ್ರೆಸ್‌ವಾಲಿ ಮಗಳ ಜೊತೆ ಮೆಟ್ಟಿಲು ಹತ್ತಿ ಬಂದು ಅಕ್ಕನ ಬಾಗಿಲಿಂದ ದೂರ ನಿಂತಳು. ಮಗಳು ಆಗ ನಾಲ್ಕು ತಿಂಗಳ ಬಸುರಿಯಿರಬಹುದು. ಪ್ರೆಸ್‌ವಾಲಿ ತನ್ನ ಬೆರಳಿನ ಗುರುತು ತೋರಿಸಿದಳು. ತಾನು ಹಾಕಿಬಂದೆ, ಸಾಲು ಚಿಕ್ಕದಿದೆ, ಮಾತಾಜಿ ಈಗ ಹೊರಟರೆ ಎಲ್ಲರೂ ಹೊರಡುತ್ತಾರೆ ಎಂದಳು. ಅಕ್ಕ ಒಳಗಿನಿಂದ, ಇವತ್ತು ಶ್ರಾದ್ಧ, ಚಲೋ ಚಲೋ, ಒದ್ದೆ ಬಟ್ಟೆಯ ಹತ್ತಿರ ಬರಬೇಡ ಎಂದು ಕಳಿಸಿದರು. ಸಿಡುಕಲಿಲ್ಲ. ಕೆಲಸದ ಮಧ್ಯೆ ಹೇಳುವ ಹಾಗೆ ಹೇಳಿದರು, ಅಷ್ಟೆ.

ಇಳಿದು ಹೋಗುವಾಗ ಆ ತಾಯಿಯ ಕಣ್ಣು ನನ್ನ ಮೇಲೆ ಬಿತ್ತು. ನನಗೂ ಕೂತು ಬೇಸರವಾಗಿತ್ತು. ಚಪ್ಪಲಿ ಮೆಟ್ಟಿ ಅವರ ಜೊತೆ ಸ್ಕೂಲಿನ ಬೂತಿಗೆ ಹೋಗಿ ಓಟು ಹಾಕಿ ಬಂದೆ. ಮಡಿಗೆ ಬೇಡವಾದವಳು ನಾನೊಬ್ಬಳೇ, ಬೆರಳಿಗೆ ಗುರುತು ಬಿದ್ದದ್ದೂ ನನಗೊಬ್ಬಳಿಗೇ. ಒಳಗಿದ್ದಿದ್ದರೆ ನಾನೂ ವಡೆ ತಟ್ಟುತ್ತಲೇ ಇರುತ್ತಿದ್ದೆ. ದೇವರು ಹೊರಗೆ ಕೂರಿಸಿ ಉಳಿಸಿದ ಎಂದುಕೊಳ್ಳುತ್ತೇನೆ, ಆದರೆ ಅದನ್ನು ನನ್ನ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಳ್ಳಲು ಬಾಯಿ ಬರುವುದಿಲ್ಲ.

ಡಾಕ್ಟರಮ್ಮ ಸೋತರು. ಬಹಳ ಕಡಿಮೆ ಓಟಿನಲ್ಲಿ. ನಮ್ಮ ಒಂದು ಬ್ಲಾಕಿನವರು ಹೋಗಿದ್ದರೆ ಸಾಕಿತ್ತು ಎಂದು ಮಾರ್ಕೆಟ್ಟಿನಲ್ಲಿ ಮಾತಾಡಿಕೊಂಡರು. ಅಕ್ಕ ಅದನ್ನು ಕೇಳಿ ಅಚ್ಛಾ ಎಂದು ಕೆಲಸಕ್ಕೆ ತಿರುಗಿದರು. ನಾವೂ ಮರೆತೆವು.

ಮಳೆಗಾಲದ ಮೊದಲಲ್ಲಿ ಪ್ರೆಸ್‌ವಾಲಿಯ ಮಗಳಿಗೆ ಏಳು ತುಂಬಿತು. ಅಕ್ಕ ಹಸಿರು ಗಾಜಿನ ಬಳೆ ತಂದು, ಬೇವಿನ ಮರದ ಕೆಳಗೆ ಹೋಗಿ, ತಮ್ಮ ಕೈಯಾರೆ ಆ ಹುಡುಗಿಗೆ ತೊಡಿಸಿದರು. ಮುಟ್ಟಿ ತೊಡಿಸಿದರು, ಆಮೇಲೆ ಸ್ನಾನ ಮಾಡಿದರು. ಎರಡೂ ಅಕ್ಕನೇ.

ಆ ವರ್ಷ ನಾಲಾ ಎರಡು ಸಲ ಉಕ್ಕಿತು. ಜೋಪಡಿಗಳಲ್ಲಿ ಒಬ್ಬೊಬ್ಬರಿಗೇ ಕಣ್ಣು ಹಳದಿಯಾಗತೊಡಗಿತು. ನಮ್ಮ ಮಕ್ಕಳಿಗೆ ಏನೂ ಆಗಲಿಲ್ಲ. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅದು ಕೃಪೆಯೇ, ಈಗಲೂ ಹಾಗೆಯೇ ಅನ್ನುತ್ತೇನೆ, ಆದರೆ ದನಿ ಸ್ವಲ್ಪ ತಗ್ಗಿಸಿ... ಆ ಹುಡುಗಿಗೂ ಕಾಮಾಲೆ ಬಂತು. ಬಸುರಿಗೆ ಬಂದರೆ ಈ ಕಾಮಾಲೆ ಬೇರೆಯೇ ರೂಪ ತಾಳುತ್ತದೆ ಎಂದು ಆಗಲೇ ನಾನು ತಿಳಿದದ್ದು. ಅಕ್ಕನೇ ಆಟೋ ಕರೆಸಿ ತಾಯಿ ಮಗಳನ್ನು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ರೆಪ್ಪೆ ಬಿಡಿಸಿ ನೋಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಚೀಟಿ ಬರೆದರಂತೆ. ಗಲ್ಲಿಯಲ್ಲಿ ಇನ್ನೆಷ್ಟು ಜನಕ್ಕಾಗಿದೆ ಎಂದಷ್ಟೇ ಕೇಳಿದರಂತೆ. ಪೈಪಿನ ಮಾತೆತ್ತಲಿಲ್ಲ, ಓಟಿನ ಮಾತೂ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗಿಗೆ ಪ್ರಜ್ಞೆ ತಪ್ಪಿತು. ಮತ್ತೆ ಬರಲಿಲ್ಲ. ಮಗುವೂ ಉಳಿಯಲಿಲ್ಲ.

ಕೈ ಬಾತುಕೊಂಡಿತ್ತೆಂದು ಆಸ್ಪತ್ರೆಯವರು ಬಳೆ ತೆಗೆದು ತಾಯಿಯ ಕೈಗೆ ಕೊಟ್ಟಿದ್ದರು. ಕರ್ಮಗಳೆಲ್ಲ ಮುಗಿದ ಮೇಲೆ ಪ್ರೆಸ್‌ವಾಲಿ ಮತ್ತೆ ಮರದ ಕೆಳಗೆ ಬಂದು ನಿಂತಳು, ಹೊಟ್ಟೆ ಕೇಳಬೇಕಲ್ಲ. ಆ ಬಳೆಗಳನ್ನು ದಾರದಲ್ಲಿ ಪೋಣಿಸಿ ಇಸ್ತ್ರಿ ಮೇಜಿನ ಮೊಳೆಗೆ ತೂಗುಹಾಕಿದ್ದಳು. ಭಾರದ ಪೆಟ್ಟಿಗೆ ಹಿಂದೆ ಮುಂದೆ ಆಡಿದಾಗಲೆಲ್ಲ ಮೇಜು ಅಲುಗಿ ಬಳೆ ಸದ್ದು ಮಾಡುತ್ತಿತ್ತು. ಅಕ್ಕನ ಅಡಿಗೆಮನೆಯ ಕಿಟಕಿ ಆ ಮರಕ್ಕೇ ತೆರೆಯುತ್ತಿತ್ತು. ಎಂಥ ಸೆಖೆಯಲ್ಲೂ ಅವರು ಅದನ್ನು ಮುಚ್ಚಿಡತೊಡಗಿದರು.

ಅಕ್ಕನ ಯಜಮಾನರು, ನಾನು ಭಾವ ಎನ್ನುತ್ತಿದ್ದವರು, ಬುದ್ಧಿವಂತರು. ಒಂದು ಓಟಿನಿಂದ ಯಾವ ಪೈಪೂ ಏಳುವುದಿಲ್ಲ ಎಂದು ಅಕ್ಕನಿಗೆ ಬಿಡಿಸಿ ಬಿಡಿಸಿ ಹೇಳಿದರು. ಡಾಕ್ಟರಮ್ಮ ಗೆದ್ದಿದ್ದರೂ ಮೂರು ತಿಂಗಳಲ್ಲಿ ಏನು ಮಾಡಲಾಗುತ್ತಿತ್ತು, ಟೆಂಡರಿಗೇ ಒಂದು ವರ್ಷ ಬೇಕು. ಈ ಊರಲ್ಲಿ ಪ್ರತಿ ಮಳೆಗಾಲಕ್ಕೂ ಕಾಮಾಲೆ ಬರುತ್ತದೆ, ಅದಕ್ಕೆಲ್ಲ ನೀನೊಬ್ಬಳು ಹೊಣೆಯೇ? ಅವರು ಹೇಳಿದ್ದು ಸುಳ್ಳಲ್ಲ. ನಾನೂ ಹೂಂ ಹೂಂ ಎಂದೆ. ಹಣೆಬರಹ ಅಕ್ಕ, ಎಲ್ಲರೂ ಬಿಟ್ಟರು, ನೀವೊಬ್ಬರೇ ಅಲ್ಲವಲ್ಲ ಎಂದೆ.

“ಪಾಪವನ್ನ ನಾಲ್ಕು ಜನ ಹಂಚಿಕೊಂಡರೆ ಪ್ರಸಾದದ ಹಾಗೆ ಚೂರು ಚೂರು ಬರತ್ತೇನೇ? ಒಬ್ಬೊಬ್ಬರಿಗೂ ಇಡೀದೇ ಬರತ್ತೆ,” ಎಂದರು ಅಕ್ಕ.

ಮರುವರ್ಷದ ತಿಥಿಗೆ ಆಚಾರ್ಯರು ಎಂದಿನ ಹಾಗೆ ಕರೋಲ್ ಬಾಗಿನಿಂದ ಬಂದರು. ಊಟ ಮುಗಿದು ದಕ್ಷಿಣೆ ಕೊಟ್ಟ ಮೇಲೆ ಅಕ್ಕ ಬಾಗಿಲ ಪಕ್ಕ ನಿಂತು, ಓಟಿನ ಶಾಯಿಯಿಂದ ಮಡಿ ಕೆಡುತ್ತದೆಯೇ ಎಂದು ಕೇಳಿದರು. ಆ ವರ್ಷ ನಾನೂ ಒಳಗಿದ್ದೆ, ಎಲೆ ತೆಗೆಯುತ್ತಿದ್ದೆ. ಆಚಾರ್ಯರು ನಕ್ಕರು. ಗೋರಂಟಿ ಹಚ್ಚಿದ ಕೈಯಲ್ಲಿ ನೀವು ಮಡಿ ಅಡಿಗೆ ಮಾಡುವುದಿಲ್ಲವೇ, ಇದೂ ಬಣ್ಣ ಅದೂ ಬಣ್ಣ, ನನಗೊಂದು ಫೋನು ಮಾಡಿದ್ದರೆ ಹೇಳುತ್ತಿದ್ದೆನಲ್ಲ ಎಂದರು.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಓಟು ಹಾಕದೆ ಇದ್ದದ್ದಕ್ಕೆ ಏನು ಪ್ರಾಯಶ್ಚಿತ್ತ ಎಂದು ಕೇಳಿದರು. ಅಂಥದ್ದು ಯಾವ ಶಾಸ್ತ್ರದಲ್ಲೂ ನೋಡಿಲ್ಲಮ್ಮ, ಮನಸ್ಸಿಗೆ ಅಷ್ಟು ಹತ್ತಿದ್ದರೆ ಕೃಷ್ಣಾರ್ಪಣ ಎಂದು ನೀರು ಬಿಟ್ಟುಬಿಡಿ ಎಂದರು ಅವರು, ಒಳ್ಳೆಯ ಮನಸ್ಸಿನಿಂದಲೇ.

“ಮಾಡಿದ್ದನ್ನ ಕೃಷ್ಣಾರ್ಪಣ ಅನ್ನಬಹುದು ಆಚಾರ್ಯರೇ. ಮಾಡದೇ ಇದ್ದದ್ದನ್ನ ಕೈಯಲ್ಲಿ ಏನು ಹಿಡಿದು ಅರ್ಪಿಸಲಿ?”

ಆಚಾರ್ಯರು ಉತ್ತರೀಯ ಹೊದ್ದುಕೊಂಡು ಭಾವನ ಜೊತೆ ಬಸ್ ಸ್ಟಾಪಿನ ಕಡೆ ಇಳಿದರು.

ಅವರು ಹೋದ ಮೇಲೆ ಅಡಿಗೆಮನೆಯಲ್ಲಿ ನಾವಿಬ್ಬರೇ. ಅಕ್ಕ ಪಾತ್ರೆಗಳ ಮಧ್ಯೆ ನೆಲದ ಮೇಲೆ ಕೂತರು. ಮಡಿ ಅನ್ನುವುದೇ ನೆಪವಾಗಿತ್ತು ಎಂದರು. ಆ ದಿನ ಊಟ ಮುಗಿದು ಮಡಿ ಬಿಟ್ಟಾಗ ಬೂತ್ ಇನ್ನೂ ತೆರೆದಿತ್ತು, ಎರಡು ರಸ್ತೆ ದಾಟಿದರೆ ಸ್ಕೂಲು. “ಏನು ಮಾಡಿದೆ ಗೊತ್ತಾ? ಫ್ಯಾನ್ ಹಾಕಿಕೊಂಡು ಮಲಗಿದೆ. ಆ ಸಾಲಿನಲ್ಲಿ ಜೋಪಡಿಯವರ ಮೈಗೆ ಮೈ ತಾಗಿಸಿಕೊಂಡು ಯಾರು ನಿಲ್ಲುತ್ತಾರೆ ಅನ್ನಿಸಿತ್ತು.” ಆಮೇಲೆ ನನ್ನ ಎಡಗೈ ಎಳೆದುಕೊಂಡು ತೋರುಬೆರಳನ್ನು ಹೆಬ್ಬೆರಳಿಂದ ಸವರಿದರು. ಗುರುತು ಎಂದೋ ಹೋಗಿತ್ತು. “ದೇವರು ನಿನ್ನನ್ನ ಹೊರಗೆ ಕೂರಿಸಿದ. ನನ್ನನ್ನ ಒಳಗೆ ಬಿಟ್ಟ,” ಎಂದರು.

ಅದರ ಮುಂದಿನ ಚುನಾವಣೆಗೆ ಅಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಗಂಟು ಹಾಕಿ, ಬೂತಿನ ಬಾಗಿಲು ತೆರೆಯುವ ಮುಂಚೆಯೇ ಹೊರಟರು. ನಾನೂ ಜೊತೆಗಿದ್ದೆ. ಸಾಲಿನಲ್ಲಿ ನಮ್ಮ ಮುಂದೆ ಪ್ರೆಸ್‌ವಾಲಿ. ಹಿಂದಿನವರು ತಳ್ಳಿದಾಗ ಅಕ್ಕ ಅವಳ ಬೆನ್ನಿಗೆ ಆತುಕೊಂಡೇ ನಿಂತಿದ್ದರು. ಹಿಂದಿಯಲ್ಲಿ, ಮೆಲ್ಲಗೆ, “ಆವತ್ತು ನಾನು ಬರಲಿಲ್ಲ,” ಎಂದರು. ಇಷ್ಟೂ ಕಾಲ ಆ ತಾಯಿಯ ಮುಂದೆ ಅದನ್ನು ಹೇಳಿರಲಿಲ್ಲ.

ಪ್ರೆಸ್‌ವಾಲಿ ತಿರುಗಿ ನೋಡಲಿಲ್ಲ. “ಗೊತ್ತು ಮಾತಾಜಿ,” ಎಂದಳು. “ನಿನ್ನೆ ಕೊಟ್ಟ ಸೀರೆಗೆ ಗಂಜಿ ಹಾಕಿದ್ದೀರೋ ಇಲ್ಲವೋ, ಅದು ಹೇಳಿ. ಸುಟ್ಟೀತು.”

ಹಾಕಿದೆ ಎಂದರು ಅಕ್ಕ. ಸಾಲು ಮುಂದೆ ಹೋಯಿತು. ಅವಳು ಬೈದಿದ್ದರೆ, ಶಾಪ ಹಾಕಿದ್ದರೆ ಅಕ್ಕ ಬದುಕಿಕೊಳ್ಳುತ್ತಿದ್ದರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕ್ಷಮಿಸಿದ್ದರೂ ಬದುಕಿಕೊಳ್ಳುತ್ತಿದ್ದರು. ಅವಳು ಎರಡನ್ನೂ ಕೊಡಲಿಲ್ಲ. ಕೊಡಬೇಕಾದ್ದೂ ಇರಲಿಲ್ಲ.

ಒಂದು ಚಳಿಗಾಲ ರಸ್ತೆ ಅಗಲ ಮಾಡಬೇಕೆಂದು ಜೋಪಡಿಗಳನ್ನು ಕೆಡವಿದರು. ಸಾಮಾನು, ಜನ ಎಲ್ಲ ಲಾರಿಗೆ ತುಂಬಿ ಊರ ಹೊರಗೆ ಎಲ್ಲಿಗೋ ಸಾಗಿಸಿದರು. ಅಕ್ಕ ಚಪಾತಿ ಕಟ್ಟಿಕೊಂಡು ಕೆಳಗೆ ಓಡಿದರು, ಯಾವ ಲಾರಿಯಲ್ಲಿ ಪ್ರೆಸ್‌ವಾಲಿ ಇದ್ದಳೋ ತಿಳಿಯಲಿಲ್ಲ. ಬೇವಿನ ಮರದ ಕೆಳಗೆ ಮೇಜು ಮಾತ್ರ ಉಳಿದಿತ್ತು, ಮೊಳೆಯಲ್ಲಿ ಬಳೆ ಇರಲಿಲ್ಲ. ಅವರು ಹೋದ ಮೇಲೆ ನಾಲಾಕ್ಕೆ ಕಲ್ಲು ಹಾಸಿ ಮುಚ್ಚಿದರು. ಪೈಪೂ ಹೊಸದು ಬಂತು. ಆ ವ್ಯಾಪಾರಿಯೇ ಬಂದು ತೆಂಗಿನಕಾಯಿ ಒಡೆದ. ನಲ್ಲಿಯಲ್ಲಿ ಒಳ್ಳೆಯ ನೀರು ಬರತೊಡಗಿತು. ನಾವು ಅಭ್ಯಾಸಬಲದಿಂದ ಕಾಯಿಸಿಯೇ ಕುಡಿದೆವು.

ಭಾವನಿಗೆ ನಿವೃತ್ತಿಯಾದ ಮೇಲೆ ಅವರು ಮಾನೇಸರ್ ಹತ್ತಿರ ಮಗಳ ಮನೆಗೆ ಹೋದರು. ಅಳಿಯನಿಗೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ. ಭಾವ ಮೊದಲು ಹೋದರು. ಕಡೆಕಡೆಗೆ ಅಕ್ಕನಿಗೆ ಮರೆವು ಬಂದಿತ್ತು. ನನ್ನ ದನಿ ಗುರುತಾಗುತ್ತಿರಲಿಲ್ಲ, ಯಾರು, ಸಬ್ಜಿಯವನೇ ಎಂದು ಕೇಳುತ್ತಿದ್ದರು... ನಾನು ಹೂಂ ಮಾತಾಜಿ, ತಾಜಾ ಬೆಂಡೆಕಾಯಿ ಎಂದರೆ ಅರ್ಧ ಬೆಲೆಗೆ ಕೇಳುತ್ತಿದ್ದರು. ಅಷ್ಟಾದರೂ ಉಳಿದಿತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅವತ್ತು ಫೋನಿನಲ್ಲಿ ಮಗಳು ಕೇಳಿದ್ದು ಇದು. ಮನೆಗೆ ಬರುತ್ತಿದ್ದ ನರ್ಸು ಬೆರಳಿಗೆ ಕ್ಲಿಪ್ಪು ಹಾಕಿ ಆಕ್ಸಿಜನ್ ನೋಡಲು ಹತ್ತಿರ ಬಂದರೆ, ಅಕ್ಕ ತಾವಾಗಿಯೇ ಎಡಗೈ ತೋರುಬೆರಳು ಚಾಚುತ್ತಿದ್ದರಂತೆ. ಬೇರೆ ಬೆರಳು ಹಿಡಿದರೆ ಕಿತ್ತುಕೊಂಡು ಮತ್ತೆ ಅದನ್ನೇ ಕೊಡುತ್ತಿದ್ದರಂತೆ. ಕ್ಲಿಪ್ಪು ತೆಗೆದ ಮೇಲೆ ಬೆರಳನ್ನು ಕಣ್ಣ ಹತ್ತಿರ ತಂದು ನೋಡಿ, ಏನೂ ಇಲ್ಲ ಎಂದು ಅಳುತ್ತಿದ್ದರಂತೆ. “ಐಸಾ ಕ್ಯೂಂ, ಆಂಟಿ? ನಿಮಗೇನಾದರೂ ಗೊತ್ತಾ?”

ಅವಳಿಗೆ ಆಗ ಹನ್ನೊಂದೋ ಹನ್ನೆರಡೋ ವಯಸ್ಸು, ತಿಥಿಯ ದಿನ ಹಿತ್ತಲ ಪಾರ್ಕಿನಲ್ಲಿ ಆಡುತ್ತಿದ್ದಳು. ವಯಸ್ಸಾದ ಮೇಲೆ ಹಾಗೆಲ್ಲ ಆಗುತ್ತದೆ ಮಗೂ ಎಂದೆ. ಅಮ್ಮನನ್ನು ಕಳೆದುಕೊಂಡ ಬೆಳಿಗ್ಗೆ ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗಲಿಲ್ಲ.

ಸಿಂಕಿನಲ್ಲಿ ಹುಣಸೆಹಣ್ಣು ಹಾಕಿ ಬೆರಳು ತಿಕ್ಕಿದೆ. ಕಪ್ಪು ಪೂರ್ತಿ ಹೋಗಲಿಲ್ಲ. ದೇವರ ಮುಂದೆ ಹೋಗಿ ನಿಂತೆ, ಆದರೆ ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಅಕ್ಕ ನಿದ್ದೆಯಲ್ಲಿ ಹೋದರು, ಅದೊಂದನ್ನು ಎಣಿಸಿದೆ. ಮುಂದೆ ಎಣಿಸಲು ಹೋದರೆ ಆ ಹುಡುಗಿಯ ಬಳೆ ನೆನಪಾಯಿತು. ನಿಲ್ಲಿಸಿದೆ.

ನಮ್ಮವರಿಗೆ ಊಟದ ಹೊತ್ತಾಗುತ್ತ ಬಂದಿತ್ತು. ಹೋಳುಗಳನ್ನು ಮಜ್ಜಿಗೆ ನೀರಿನಿಂದ ಬಸಿದು, ಬಾಣಲೆಯಿಟ್ಟು, ಸಾಸಿವೆ ಸಿಡಿಸಿದೆ.